‘ಇನಿ’ ಎಂದರೆ ಇವತ್ತು

ಆಸ್ಪತ್ರೆಯ ಮ್ಯಾನೇಜರ್ ಕೆಲಸವನ್ನು ಸುತ್ತುಬಳಸಿಲ್ಲದೆ ಹೇಳಿದರು. ಹೊರರಾಜ್ಯದಿಂದ ಬಂದ ಇಬ್ಬರು ನರ್ಸುಗಳಿದ್ದಾರೆ. ರೋಗಿಗಳು ಆಡುವ ಕನ್ನಡ ಅವರ ಕಿವಿಗೆ ಹತ್ತುವಂತೆ ಮಾಡಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಪರೀಕ್ಷೆ. ಅದರಲ್ಲಿ ಮೇಲೆ ಬಂದವಳಿಗೆ ಖಾಯಂ ಕೆಲಸ, ಇನ್ನೊಬ್ಬಳು ಹಾಸ್ಟೆಲ್ ಖಾಲಿ ಮಾಡಬೇಕು.

“ಮಾತಾಡ್ಲಿಕ್ಕೆ ಕಲಿಸುವುದು ಬೇಡ ಟೀಚರ್, ಬರೀಲಿಕ್ಕೂ ಬೇಡ. ಕೇಳಿದ್ದು ಗೊತ್ತಾದ್ರೆ ಸಾಕು. ನಮಗೆ ಬೇಕಾದ್ದು ಒಬ್ಬಳು.”

“ಇಬ್ಬರೂ ಪಾಸಾದರೆ?”

“ಹಾಗೆ ಆಗದ ಹಾಗೆ ಪ್ರಶ್ನೆ ತೆಗೀರಿ. ಅದನ್ನು ನಿಮಗೆ ನಾನು ಹೇಳಿಕೊಡುವುದಾ?” ಎಂದು ನಕ್ಕರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ಪರೀಕ್ಷೆ ಎಂದ ಮೇಲೆ ಒಬ್ಬರು ಕೆಳಗೆ ಉಳಿಯುವುದು ನನಗೆ ಹೊಸದಲ್ಲ. ಒಪ್ಪಿಕೊಂಡೆ. ಆಸ್ಪತ್ರೆ ಇರುವುದು ಮಡಂತ್ಯಾರು ದಾಟಿ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ. ನರಿಕೊಂಬಿನ ನನ್ನ ಮನೆಯಿಂದ ಬಿ.ಸಿ.ರೋಡಿನವರೆಗೆ ಆಟೋ, ಅಲ್ಲಿಂದ ಧರ್ಮಸ್ಥಳದ ಬಸ್ಸು. ಬೆಳಗಿನ ಬಸ್ಸು ತುಂಬ ಯಾತ್ರಿಕರು, ಅವರ ಚೀಲಗಳು, ವಾಂತಿ ಮಾಡುವ ಮಕ್ಕಳು. ನಿಂತೇ ಹೋಗುತ್ತಿದ್ದೆ. ಒಂದು ದಿನವೂ ತಡವಾಗಲಿಲ್ಲ.

ಒಬ್ಬಳು ಕೇರಳದ ಇಡುಕ್ಕಿಯವಳು, ಇನ್ನೊಬ್ಬಳು ಜಾರ್ಖಂಡದವಳು. ಹೆಸರು ಬೇಡ, ಊರಿನಿಂದಲೇ ಗುರುತಿಸುತ್ತೇನೆ. ಇಬ್ಬರಿಗೂ ಹಾಸ್ಟೆಲಿನಲ್ಲಿ ಒಂದೇ ಕೋಣೆ. ಇಡುಕ್ಕಿಯವಳಿಗೆ ಇದು ಮೂರನೆಯ ಆಸ್ಪತ್ರೆ. ಹಿಂದಿನ ಎರಡು ಕಡೆಯೂ ತಾತ್ಕಾಲಿಕ ಎಂದು ಇಟ್ಟುಕೊಂಡು, ಕೆಲಸ ಕಲಿತ ಮೇಲೆ ಕಳಿಸಿದ್ದರು. ಅವಳ ತಾಯಿ ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಚಾಪೆ ಹಾಕಿ ಮಲಗುತ್ತಾಳೆ. ಇಲ್ಲಿ ಖಾಯಂ ಆದರೆ ತಾಯಿಯನ್ನು ಕರೆಸಿಕೊಂಡು ಒಂದು ಬಾಡಿಗೆ ಮನೆ ಮಾಡುವುದೆಂದು ಹೇಳಿಕೊಂಡಿದ್ದಳು. ಜಾರ್ಖಂಡದವಳು ತನ್ನ ಮನೆಯ ವಿಷಯ ಹೇಳಲಿಲ್ಲ. ನಾನು ಕೇಳಲೂ ಇಲ್ಲ.

ಎಕ್ಸ್‌ರೇ ಕೋಣೆಯ ಪಕ್ಕದ ಸ್ಟೋರ್ ರೂಮು ನಮ್ಮ ತರಗತಿ. ಸಲೈನ್ ಪೆಟ್ಟಿಗೆಗಳ ನಡುವೆ ಮೂರು ಸ್ಟೂಲು. ನನ್ನ ಪದ್ಧತಿಯಲ್ಲಿ ಕೇಳುವವರು ಗೋಡೆಗೆ ಮುಖ ಮಾಡಿ ಕೂರಬೇಕು. ಹೇಳುವವರ ತುಟಿ ಕಂಡರೆ ಕಿವಿ ಅರ್ಧ ಕೆಲಸವನ್ನು ಕಣ್ಣಿಗೆ ಬಿಟ್ಟುಕೊಡುತ್ತದೆ. ವಾರ್ಡಿನಲ್ಲಿ ತುಟಿ ಕಾಣುವುದಿಲ್ಲ. ಮಾಸ್ಕು ಇರುತ್ತದೆ, ಪರದೆ ಇರುತ್ತದೆ, ರೋಗಿ ಬೆನ್ನು ತಿರುಗಿಸಿ ಮಲಗಿರುತ್ತಾನೆ. ವಾಕ್ಯವನ್ನು ಒಂದೇ ಸಲ ಹೇಳುತ್ತೇನೆ. ಪೆನ್ನು ಹಿಡಿಯುವಂತಿಲ್ಲ. ಫ್ಯಾನು ಪೂರ್ತಿ ಜೋರಿನಲ್ಲಿ ತಿರುಗಬೇಕು. ಕಿವಿ ಸ್ವಲ್ಪ ಪಳಗಿದ ಮೇಲೆ ಸ್ಟೀಲಿನ ಟ್ರೇಯನ್ನು ಚಮಚದಿಂದ ಬಡಿಯುತ್ತ ಹೇಳುತ್ತೇನೆ.

ಉತ್ತರವೂ ಬಿಗಿಯಾಗಿರಬೇಕು. ಕೇಳಿದರೆ ‘ಕೇಳಿತು’, ಕೇಳದಿದ್ದರೆ ‘ಕೇಳಲಿಲ್ಲ’, ನಡುವೆ ತಪ್ಪಿಹೋದರೆ ‘ಅರ್ಧ ಕೇಳಿತು’. ‘ಆಯ್ತು’ ಎನ್ನುವಂತಿಲ್ಲ. ನಮ್ಮ ಕಡೆ ಆ ಮಾತಿಗೆ ಕೇಳಿತು, ಒಪ್ಪಿದೆ, ಮುಗಿಯಿತು, ಇನ್ನು ತಲೆ ತಿನ್ನಬೇಡ ಎಂದೆಲ್ಲ ಅರ್ಥ ಉಂಟು. ಹೊರಗಿನಿಂದ ಬಂದವರು ಮೊದಲು ಕಲಿಯುವ ಕನ್ನಡವೂ ಅದೇ.

ಪಾಠಕ್ಕೆ ಬೇಕಾದ ಮಾತನ್ನು ಪುಸ್ತಕದಿಂದ ತೆಗೆಯಲಿಲ್ಲ. ಬಂಟ್ವಾಳ ಪೇಟೆಯ ಮೀನಿನವಳು, ಬಿ.ಸಿ.ರೋಡಿನ ಆಟೋದವರು, ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಕಾಯುವವರು, ಎಲ್ಲರನ್ನೂ ಕೇಳಿ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡೆ. ಮೊದಲ ದಿನ ಒಬ್ಬ ಅಜ್ಜಿಯ ಮಾತು ಹಾಕಿದೆ. “ಬೆಳಿಗ್ಗೆ ಒಂದು ಸೌಟು ಗಂಜಿ ಉಂಡದ್ದು ಮಾರಾಯ್ತಿ, ಮತ್ತೆ ಎಂಥದೂ ಸೇರುವುದಿಲ್ಲ. ಒಂದಕ್ಕೆ ಹೋಗುವಾಗ ಉರಿ ಉಂಟು. ಯಾರ ಹತ್ರ ಹೇಳುವುದು?”

ಇಡುಕ್ಕಿಯವಳು ಗಂಜಿ, ಉರಿ, ಉಂಟು, ಮೂರನ್ನೂ ಹಿಡಿದಳು. ಊಟ ಸೇರುವುದಿಲ್ಲ ಎಂಬುದನ್ನೂ ಊಹಿಸಿದಳು. ಜಾರ್ಖಂಡದವಳನ್ನು ಕೇಳಿದೆ.

“ಅಜ್ಜಿಗೆ ಬೇಜಾರ್ ಟೀಚರ್. ಮನೆಯಲ್ಲಿ ಯಾರೂ ಕೇಳಲ್ಲ.”

“ಮಾತು ಏನು ಹೇಳಿದರು?”

“ಮಾತು ಗೊತ್ತಿಲ್ಲ. ಬೇಜಾರ್ ಗೊತ್ತು.”

ಸೊನ್ನೆ ಕೊಟ್ಟೆ. ಭಾಷೆಯ ಪಾಠದಲ್ಲಿ ಬೇಜಾರಿಗೆ ಅಂಕ ಇಲ್ಲ.

ವಾರ್ಡಿನಲ್ಲಿ ಲೆಕ್ಕ ಬೇರೆಯೇ ಇತ್ತು. ಏಳು ಮಕ್ಕಳನ್ನು ಹೆತ್ತ ಒಬ್ಬ ಮುದುಕಿ ಜಾರ್ಖಂಡದವಳ ಹತ್ತಿರ “ಬಂಜಿ ಬೇನೆ” ಎಂದಳಂತೆ. ತುಳುವಿನಲ್ಲಿ ಬಂಜಿ ಎಂದರೆ ಹೊಟ್ಟೆ. ಇವಳ ಹಿಂದಿಯಲ್ಲಿ ಹೆಚ್ಚುಕಡಿಮೆ ಅದೇ ಶಬ್ದಕ್ಕೆ ಮಕ್ಕಳಾಗದವಳು ಎಂಬ ಅರ್ಥ ಉಂಟು. ಇವಳು ಮುದುಕಿಯ ಕೈಹಿಡಿದು ಕೂತು ಕಣ್ಣಲ್ಲಿ ನೀರು ತಂದುಕೊಂಡಳು. ಹೊಟ್ಟೆನೋವಿಗೆ ಮದ್ದು ಬಂದದ್ದು ಸಂಜೆ, ಬೇರೆ ನರ್ಸು ಬಂದ ಮೇಲೆ. ಆದರೂ ಮುದುಕಿ ಬಿಡುಗಡೆಯಾಗಿ ಹೋಗುವಾಗ ಹುಡುಕಿ ಹುಡುಕಿ ಇವಳ ತಲೆ ಸವರಿ ಹೋದಳು. “ನನ್ನ ಹೆಣ್ಣುಮಕ್ಕಳೇ ಇಷ್ಟು ಮರುಗಲಿಲ್ಲ” ಎಂದಳಂತೆ.

ಆಯಾಗಳಿಗೆ ಇವರಿಬ್ಬರು ಒಂದು ಆಟ. ಒಂದು ದಿನ ಮೆಟ್ಟಿಲ ಕೆಳಗೆ ಚಹ ಕುಡಿಯುತ್ತಿದ್ದ ದೊಡ್ಡ ಆಯಾ ಜಾರ್ಖಂಡದವಳನ್ನು ನಿಲ್ಲಿಸಿ, ಬಹಳ ಮರ್ಯಾದೆಯ ದನಿಯಲ್ಲಿ “ಈ ಎರ್ಮೆ ಅತ್ತಾ?” ಎಂದು ಕೇಳಿದಳು. ನೀನು ಎಮ್ಮೆ ಅಲ್ಲವಾ, ಎಂದು. ಇವಳು ನಗುತ್ತ “ಆಯ್ತು ಅಕ್ಕ” ಎಂದಳು. ಚಹ ಮೂಗಿಗೆ ಹತ್ತುವಷ್ಟು ನಕ್ಕರು. ಇಡುಕ್ಕಿಯವಳಿಗೆ ಎರ್ಮೆ ಎಂದರೆ ತಿಳಿಯಿತು, ಮಲಯಾಳದಲ್ಲೂ ಹತ್ತಿರದ ಶಬ್ದವಂತೆ. ಅವಳು ಮುಖ ಕೆಂಪು ಮಾಡಿಕೊಂಡು ಗೆಳತಿಯನ್ನು ಎಳೆದುಕೊಂಡು ಹೋದಳು. ಅಂದಿನಿಂದ ಆಯಾಗಳಿಗೆ ಜಾರ್ಖಂಡದವಳು ಪಾಪದವಳು, ಇಡುಕ್ಕಿಯವಳು ಜಂಬದವಳು.

ಈ ಪ್ರಸಂಗವನ್ನು ತರಗತಿಯಲ್ಲಿ ತೆಗೆದೆ. ಎಮ್ಮೆ ಎಂದರೂ ಆಯ್ತು ಎಂದೆಯಲ್ಲ, ನಾಚಿಕೆಯಾಗಲಿಲ್ಲವಾ ಎಂದು ಜಾರ್ಖಂಡದವಳನ್ನು ಕೇಳಿದೆ.

“ಟೀಚರ್, ಅವರು ಖುಷ್. ಈಗ ನನಗೆ ಬೆಡ್‌ಶೀಟ್ ಮೊದಲು ಕೊಡ್ತಾರೆ,” ಎಂದಳು. ಮತ್ತೆ, “ರೋಗಿಗೂ ಹಾಗೇ. ಕೇಳುವ ಸಿಸ್ಟರ್ ಬೇಡ. ಹೂಂ ಹೇಳುವ ಸಿಸ್ಟರ್ ಬೇಕು.”

ಗೋಡೆಗೆ ಮುಖ ಮಾಡಿ ಕೂರಲು ಹೇಳಿದೆ.

ಆಷಾಢ ಮುಗಿಯುವಾಗ ಇಡುಕ್ಕಿಯವಳು ಟ್ರೇಯ ಸದ್ದಿನ ನಡುವೆಯೂ ಹತ್ತಕ್ಕೆ ಎಂಟು ವಾಕ್ಯ ಹಿಡಿಯುತ್ತಿದ್ದಳು. ಇನ್ನೊಬ್ಬಳು ಎರಡೋ ಮೂರೋ. ಪರೀಕ್ಷೆಯ ಫಲಿತಾಂಶ ನನ್ನ ಮನಸ್ಸಿನಲ್ಲಿ ಆಗಲೇ ತಯಾರಾಗಿತ್ತು. ಆಗ ಅಜ್ಜ ಬಿದ್ದರು.

ಅಜ್ಜ ಎಂದರೆ ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಬಂದು ನೆಲೆಸಿದವರು. ತಲೆಗೆ ಆಪರೇಷನ್ ಆದ ಮೇಲೆ ಫಿಟ್ಸ್ ಬರುತ್ತಿತ್ತು. ಅದಕ್ಕೆ ಹೊತ್ತುಹೊತ್ತಿಗೆ ಮಾತ್ರೆ. ಬೆಳಿಗ್ಗೆ ಇಡುಕ್ಕಿಯವಳು ಮಾತ್ರೆ ಹಿಡಿದು ಹೋದಾಗ ಅವರು ಕೈ ಅಡ್ಡ ಮಾಡಿ ಏನೋ ಹೇಳಿದರು. ಅವಳು ಮರುಮಾತಿಲ್ಲದೆ ಹಿಂದೆ ಬಂದು ಡ್ಯೂಟಿ ಡಾಕ್ಟರಿಗೆ ವರದಿ ಮಾಡಿದಳು: ಇನ್ನು ಮುಂದೆ ಮದ್ದು ಬೇಡವಂತೆ. ಡ್ಯೂಟಿ ಡಾಕ್ಟರು, “ದೊಡ್ಡ ಡಾಕ್ಟ್ರು ನಾಳೆ ಬರ್ತಾರಲ್ಲ, ಅವರೇ ಮಾತಾಡ್ಲಿ” ಎಂದರು. ರೋಗಿ ಮದ್ದು ನಿರಾಕರಿಸಿದ್ದಾರೆ ಎಂದು ಅವಳು ಕೇಸ್ ಶೀಟಿನಲ್ಲಿ ಬರೆದಳು. ಪಾಳಿ ಬದಲಾಗುವಾಗ ಮುಂದಿನವಳಿಗೂ ಹೇಳಿ ಹೋದಳು. ಸಂಜೆಯ ಮಾತ್ರೆ ಹೋಗಲಿಲ್ಲ. ಮರುದಿನ ಬೆಳಗಿನದೂ ಹೋಗಲಿಲ್ಲ. ದೊಡ್ಡ ಡಾಕ್ಟರು ರೌಂಡ್ಸಿಗೆ ಬರುವ ಮೊದಲೇ ಅಜ್ಜನಿಗೆ ಫಿಟ್ಸ್ ಬಂದು ಮಂಚ ಮತ್ತು ಗೋಡೆಯ ನಡುವೆ ಬಿದ್ದರು. ಹಣೆ ಸೀಳಿತು, ಎದುರಿನ ಹಲ್ಲು ಮುರಿಯಿತು. ಸದ್ದು ಕೇಳಿ ಮೊದಲು ಓಡಿದವಳೂ ಇಡುಕ್ಕಿಯವಳೇ. ನಾನು ಬರುವಾಗ ಅವಳ ಬಿಳಿ ಸಮವಸ್ತ್ರದ ಮಡಿಲು ಪೂರ್ತಿ ರಕ್ತ.

ಅಜ್ಜನ ಸೊಸೆ ವರಾಂಡದಲ್ಲಿ ನಿಂತು ಇಡೀ ಆಸ್ಪತ್ರೆಗೆ ಕೇಳುವಂತೆ ಕಿರುಚುತ್ತಿದ್ದರು. “ಮದ್ದು ಬೇಡ ಅಂತ ಇವರು ಯಾವಾಗ ಹೇಳಿದ್ದು? ಸಾಯ್ಲಿಕ್ಕೆ ಆಸ್ಪತ್ರೆಗೆ ಬರ್ತಾರಾ? ಭಾಷೆ ಬಾರದವರನ್ನು ಹಿಡಿದುಕೊಂಡು ಬಂದು ನಮ್ಮ ಜೀವದ ಮೇಲೆ ಕಲಿಸುವುದಾ ನೀವು?”

ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆದರು. “ಇವಳಿಗೆ ಕನ್ನಡ ಕೇಳಿದ್ರೆ ಗೊತ್ತಾಗುವುದಿಲ್ಲ ಅಂತ ಹೇಳಿಬಿಡಿ ಟೀಚರ್. ಮನೆಯವರಿಗೆ ಸಮಾಧಾನ ಆಗ್ತದೆ.”

“ವಿಚಾರಿಸಿ ಹೇಳುತ್ತೇನೆ,” ಎಂದೆ.

ಅವಳನ್ನು ಸ್ಟೋರ್ ರೂಮಿಗೆ ಕರೆದುಕೊಂಡು ಹೋದೆ. ಬಟ್ಟೆ ಬದಲಿಸಲು ಬಿಡಲಿಲ್ಲ, ಹೊತ್ತು ಹೋದಷ್ಟೂ ಕಿವಿಯಲ್ಲಿದ್ದದ್ದು ಅಳಿಸಿಹೋಗುತ್ತದೆ. “ಅರ್ಥ ಬೇಡ. ಅವರು ಹೇಳಿದ ಶಬ್ದ ಮಾತ್ರ ಹೇಳು,” ಎಂದೆ.

ಅವಳು ಕಣ್ಣುಮುಚ್ಚಿ, ಅಜ್ಜನ ರಾಗದಲ್ಲೇ ಹೇಳಿದಳು. “ಇನಿ ಮರ್ದ್ ಬೊಡ್ಚಿ.”

“ಬೊಡ್ಚಿ?”

“ಬೇಡ ಅಂತ. ಆಯಾ ದಿನಾ ಹೇಳ್ತಾರಲ್ಲ.”

“ಮರ್ದ್?”

“ನಮ್ಮಲ್ಲಿ ಮರುನ್ನ್. ಮದ್ದು.”

“ಇನಿ?”

“ಇನಿ ಅಂದ್ರೆ ಇನಿ ಅಲ್ವಾ ಟೀಚರ್? ನಮ್ಮಲ್ಲೂ ಉಂಟು. ಇನ್ನು ಮುಂದೆ ಅಂತ.”

ಮಲಯಾಳದಲ್ಲಿ ‘ಇನಿ’ ಎಂದರೆ ಇನ್ನು ಮುಂದೆ. ತುಳುವಿನಲ್ಲಿ ‘ಇನಿ’ ಎಂದರೆ ಇವತ್ತು. ಅಜ್ಜ ಹೇಳಿದ್ದು ಇವತ್ತು ಮದ್ದು ಬೇಡ ಎಂದು. ಖಚಿತ ಮಾಡಿಕೊಳ್ಳಲು, ಹಣೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ಅಜ್ಜನ ಹತ್ತಿರ ಹೋಗಿ ನೆನಪು ಮಾಡಿ ಹೇಳಲು ಕೇಳಿದೆ.

“ಎಂಥ ಟೀಚರ್ ನೀವು? ಹಲ್ಲು ಹೋದವನ ಹತ್ರ ಬಾಯಿಪಾಠವಾ?” ಎಂದರು. ಆಮೇಲೆ ಹೇಳಿದರು. ದುಬೈಯಲ್ಲಿ ಮೊಮ್ಮಗಳ ನಿಶ್ಚಿತಾರ್ಥ ಇತ್ತು, ಫೋನಿನಲ್ಲಿ ತೋರಿಸುತ್ತೇವೆಂದಿದ್ದರು, ಮಾತ್ರೆ ನುಂಗಿದರೆ ನಿದ್ದೆ ಹತ್ತುತ್ತದೆ. ಅದಕ್ಕೇ ಅವತ್ತೊಂದು ದಿನ ಬೇಡ ಎಂದದ್ದು. ನಾನು ಕೇಳಿಕೊಂಡ ಮೂರು ಶಬ್ದಗಳನ್ನು ಮುರಿದ ಹಲ್ಲಿನ ಸಂದಿಯಿಂದ ಮತ್ತೆ ಹೇಳಿದರು. ಅವಳು ಹೇಳಿದ್ದಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಮ್ಯಾನೇಜರಿಗೆ ವರದಿ ಒಪ್ಪಿಸಿದೆ. ಅಜ್ಜ ಆಡಿದ್ದು ಕನ್ನಡವೇ ಅಲ್ಲ. ಅವರು ಆಡಿದ ಮಾತನ್ನು ಅವಳು ಅಕ್ಷರ ಬಿಡದೆ ಕೇಳಿಸಿಕೊಂಡಿದ್ದಾಳೆ. ಸರಿಯಾಗಿ ಕೇಳಿದ್ದರಿಂದಲೇ ತಪ್ಪು ಆಗಿದೆ. ಜಾರ್ಖಂಡದವಳಿಗೆ ಅದೇ ಮಾತು ಹೇಳಿದ್ದರೆ ಏನೂ ಅರ್ಥವಾಗದೆ, ಯಾವಾಗಲೂ ಕೊಡುವ ಹಾಗೆ ಮಾತ್ರೆಯನ್ನು ಮುಂದೆ ಹಿಡಿಯುತ್ತಿದ್ದಳು, ಅಜ್ಜ ಬೈಯುತ್ತ ನುಂಗುತ್ತಿದ್ದರು.

ಅವರು ಎದ್ದು ಬಾಗಿಲು ಮುಚ್ಚಿ ಬಂದರು. “ಇದೆಲ್ಲ ಮನೆಯವರಿಗೆ ಹೇಳಿದ್ರೆ ತಲೆಗೆ ಹೋಗ್ಲಿಕ್ಕಿಲ್ಲ. ಅವಳು ಬಂದು ಅಜ್ಜನ ಎದುರು ಹೇಳಲಿ.”

“ಏನು?”

“ಕ್ಷಮೆ ಅಲ್ಲ ಟೀಚರ್, ಪಾಠ.”

ಮರುದಿನ ಭೇಟಿಯ ಹೊತ್ತು ಮಂಚದ ಕಾಲ ಬುಡದಲ್ಲಿ ಅವಳನ್ನು ನಿಲ್ಲಿಸಿದರು. ಸೊಸೆ, ಸೊಸೆಯ ಅಕ್ಕ, ಪಕ್ಕದ ಮಂಚದವರನ್ನು ನೋಡಲು ಬಂದವರು, ಆಯಾಗಳು ಎಲ್ಲರೂ ಸುತ್ತ ನಿಂತರು. “ಹೇಳು, ಇನಿ ಅಂದ್ರೆ ಎಂಥದು?” ಎಂದರು ಮ್ಯಾನೇಜರ್.

“ಇನಿ ಅಂದ್ರೆ ಇವತ್ತು.”

“ಅಜ್ಜನಿಗೆ ಕೇಳಲಿಲ್ಲ. ಜೋರಾಗಿ.”

“ಇನಿ ಅಂದ್ರೆ ಇವತ್ತು.”

ಸೊಸೆ ಫೋನು ಎತ್ತಿ ಹಿಡಿದರು. “ಇಲ್ಲಿ ನೋಡಿ ಹೇಳು ಸಿಸ್ಟರ್, ದುಬೈಯವರಿಗೆ ಕಾಣುವ ಹಾಗೆ. ನಗಾಡಿಕೊಂಡು ಹೇಳು, ಅಳುಮೋರೆ ಬೇಡ.” ಹೇಳಿಸಿದರು. ಮತ್ತೆ ಹೇಳಿಸಿದರು. ಹಿಂದೆ ನಿಂತಿದ್ದ ಯಾರೋ “ನಾಳೆಗೆ ಎಂಥ ಹೇಳುವುದು ಕೇಳಿ” ಎಂದರು. “ಎಲ್ಲೆ” ಎಂದಳು ಅವಳು. ಗೊತ್ತಿದ್ದದ್ದು ಇನ್ನೂ ಹೆಚ್ಚಿನ ನಗೆಗೆ ಕಾರಣವಾಯಿತು. “ಓಹೋ, ನಾಳೆ ಗೊತ್ತುಂಟು, ಇವತ್ತು ಗೊತ್ತಿಲ್ಲ!” ಅಜ್ಜನೂ ನಕ್ಕರು, ನಕ್ಕದ್ದಕ್ಕೆ ಹಣೆಯ ಹೊಲಿಗೆ ಎಳೆದು ನರಳಿದರು. ಆ ನರಳಿಕೆಗೂ ಅವಳ ಕಡೆಯೇ ನೋಡಿದರು.

“ಸಾಕು,” ಎಂದೆ ನಾನು.

“ನೀವು ಒಳಗೆ ಮಾಡಿಸುವುದೂ ಇದನ್ನೇ ಅಲ್ವಾ ಟೀಚರ್?” ಎಂದರು ಮ್ಯಾನೇಜರ್. ಅದಕ್ಕೆ ಜನ ಇನ್ನೊಮ್ಮೆ ನಕ್ಕರು.

ಅವಳನ್ನು ಅವತ್ತೇ ತೆಗೆಯಲಿಲ್ಲ. ನರ್ಸುಗಳ ಮೇಲಿನ ದೊಡ್ಡ ಸಿಸ್ಟರ್ ಕಾರಣ ಕೊಟ್ಟರು: “ಈಗ ತೆಗೆದ್ರೆ ತಪ್ಪು ನಮ್ಮದೇ ಅಂತ ಆಗ್ತದೆ. ಪರೀಕ್ಷೆ ಉಂಟಲ್ಲ, ಅದರಲ್ಲಿ ನೋಡುವ.”

ಆ ವಾರ ನಾನು ಪಾಠದ ಕ್ರಮವನ್ನು ಬದಲಿಸಿದೆ. ಹೆಚ್ಚು ಶಬ್ದ ಕಲಿಸಿದರೆ ಇದು ಸರಿಹೋಗುವುದಿಲ್ಲ. ನಮ್ಮ ಊರಿನ ಒಂದು ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಒಂದೇ ಉಸಿರಿನಲ್ಲಿ ಬರುತ್ತವೆ. ಎಲ್ಲವನ್ನೂ ಕಲಿಸಲು ಒಂದು ಮಳೆಗಾಲ ಸಾಲದು. ಕಲಿಸಬಹುದಾದ್ದು ಒಂದೇ, ಕೇಳಿದ್ದನ್ನು ಹೇಳಿದವರಿಗೇ ತಿರುಗಿ ಒಪ್ಪಿಸುವುದು. ರೋಗಿ ಹೇಳಿದ್ದನ್ನು ತನ್ನ ಕನ್ನಡದಲ್ಲಿ ಹೇಳಿ, “ನೀವು ಹೇಳಿದ್ದು ಇದುವೇ?” ಎಂದು ಕೇಳಬೇಕು. ಹೌದು ಎಂಬ ಮಾತು ಬಾಯಿಂದ ಬರುವವರೆಗೆ ಬಿಡಬಾರದು, ತಲೆಯಾಡಿಸಿದರೆ ಸಾಲದು. ಬೇಡ ಎಂದವರನ್ನು “ಇವತ್ತು ಮಾತ್ರ ಬೇಡವಾ, ಇನ್ನು ಯಾವತ್ತೂ ಬೇಡವಾ?” ಎಂದು ಕೇಳಬೇಕು. ಶಬ್ದ ತಮ್ಮ ಭಾಷೆಯದ್ದೇ ಅನ್ನಿಸಿದರೆ ಇನ್ನೂ ಎಚ್ಚರದಿಂದ ಕೇಳಬೇಕು. ಅಂಕವನ್ನೂ ಹಾಗೇ ಮಾಡಿದೆ. ‘ಕೇಳಲಿಲ್ಲ’ ಎಂದರೆ ಸೊನ್ನೆ. ಗೊತ್ತೆಂದು ಹೇಳಿ ತಪ್ಪಿದರೆ ಇರುವ ಅಂಕದಲ್ಲಿ ಎರಡು ಕಡಿತ.

ಇಡುಕ್ಕಿಯವಳು ಈ ಕ್ರಮವನ್ನು ಪಾಠ ಎಂದಲ್ಲ, ವ್ರತ ಎಂಬಂತೆ ಹಿಡಿದಳು. ನೀರು ಬೇಕೆಂದವರಿಗೂ “ಕುಡೀಲಿಕ್ಕೆ ನೀರು, ಅದುವೇ?” ಎನ್ನುತ್ತಿದ್ದಳು. ಜಾರ್ಖಂಡದವಳು ತರಗತಿಯಲ್ಲಿ ಕಲಿತಳು, ವಾರ್ಡಿನಲ್ಲಿ ಬಳಸಲಿಲ್ಲ. ಅಲ್ಲಿ “ಆಯ್ತು ಅಜ್ಜಿ, ಆಯ್ತು ಅಜ್ಜ” ಎಂದು ನಕ್ಕು ಹೊರಗೆ ಬಂದು, ಆಯಾ ಸಿಕ್ಕಿದರೆ ಕೇಳಿ ತಿಳಿದುಕೊಳ್ಳುತ್ತಿದ್ದಳು. ಸಿಗದಿದ್ದರೆ ಇಲ್ಲ.

ಮೊದಲ ಒಂದೆರಡು ದಿನ ರೋಗಿಗಳು ಸಹಿಸಿಕೊಂಡರು. ಆಮೇಲೆ ಇಡುಕ್ಕಿಯವಳಿಗೆ ‘ಕೆಪ್ಪಿ’ ಎಂಬ ಹೆಸರು ಬಿತ್ತು. ಕಿವಿ ಕೇಳದವಳು. ದೊಡ್ಡ ಆಯಾ ಇಟ್ಟದ್ದು. ಅವಳು ವಾರ್ಡಿಗೆ ಕಾಲಿಟ್ಟ ಕೂಡಲೇ ಕಿವಿಯ ಹಿಂದೆ ಅಂಗೈ ಹಿಡಿದು “ಆಂ? ಆಂ?” ಎನ್ನುವುದು ಎಲ್ಲರಿಗೂ ರೂಢಿಯಾಯಿತು. ಅಜ್ಜನ ಮೊಮ್ಮಕ್ಕಳೂ ಕಲಿತರು.

ಮಡಂತ್ಯಾರಿನಲ್ಲಿ ಬಟ್ಟೆ ಅಂಗಡಿ ಇರುವ ಒಬ್ಬ ಬ್ಯಾರಿ ಹೆಂಗಸು ಮಂಡಿಯ ಆಪರೇಷನ್ನಿಗೆ ಬಂದಿದ್ದರು. ಬ್ಯಾರಿ ಮಾತಿಗೂ ಮಲಯಾಳ ಮಾತಿಗೂ ಬಹಳ ಹತ್ತಿರ. ಬಂದ ದಿನ ಇಡುಕ್ಕಿಯವಳನ್ನು “ಬಾ ಮೋಳೆ” ಎಂದು ಮಗಳಂತೆ ಕರೆದು ಮಂಚದ ಮೇಲೆ ಕೂರಿಸಿಕೊಂಡಿದ್ದರು. ಅವರೂ ನನ್ನ ಹತ್ತಿರ ದೂರು ಹೇಳಿದರು.

“ಟೀಚರೇ, ಇವಳಿಗೆ ನಾನು ಹೇಳುವುದೆಲ್ಲ ಚೆನ್ನಾಗಿ ಗೊತ್ತಾಗ್ತದೆ. ಆದ್ರೂ ಕೇಳ್ತಾಳೆ. ನೋವಿನಲ್ಲಿ ಇರುವಾಗ ಒಂದನ್ನೇ ಎಷ್ಟು ಸಲ ಹೇಳುವುದು? ನಾವೇನು ಸುಳ್ಳು ಹೇಳ್ತೇವಾ? ಆ ಇನ್ನೊಂದು ಹುಡುಗಿಯನ್ನು ಹಾಕಿ. ಅದಕ್ಕೆ ಭಾಷೆ ಬರುವುದಿಲ್ಲ, ಆದ್ರೆ ಮನುಷ್ಯತ್ವ ಉಂಟು.”

ನಾನು ಕಾರಣ ವಿವರಿಸಿದೆ. ಅವರು ಪೂರ್ತಿ ಕೇಳಿ, “ಅದೆಲ್ಲ ಸರಿ, ನಾಳೆಯಿಂದ ಇನ್ನೊಂದು ಹುಡುಗಿಯನ್ನೇ ಹಾಕಿ,” ಎಂದರು.

ಪರೀಕ್ಷೆಯನ್ನು ಮ್ಯಾನೇಜರ್ ಮತ್ತು ದೊಡ್ಡ ಸಿಸ್ಟರ್ ಎದುರಿಗೇ ಮಾಡಿದೆ. ಖಾಲಿ ವಾರ್ಡಿನಲ್ಲಿ ಪರದೆ ಎಳೆದು, ಆಚೆ ಕಡೆ ಮಾತನಾಡಲು ಹೊರರೋಗಿಗಳ ಸಾಲಿನಿಂದಲೇ ಜನ ಕರೆದು ಕೂರಿಸಿದೆ. ಅವರವರ ಕಾಯಿಲೆಯನ್ನು ಅವರವರ ಮಾತಿನಲ್ಲಿ ಹೇಳಲಿ ಎಂದೆ. ಯಾರು ಯಾವ ಭಾಷೆಯಲ್ಲಿ ಏನು ಹೇಳುತ್ತಾರೆಂದು ನನಗೂ ಗೊತ್ತಿರಲಿಲ್ಲ. ಇಡುಕ್ಕಿಯವಳು ಎಲ್ಲರಿಗೂ ತಿರುಗಿ ಕೇಳಿದಳು, ಗೊತ್ತಾಗದ ಒಂದು ಮಾತನ್ನು “ಕೇಳಲಿಲ್ಲ, ಬೇರೆಯವರನ್ನು ಕರೀತೇನೆ” ಎಂದು ಬಿಟ್ಟಳು, ಉಳಿದದ್ದೆಲ್ಲ ಸರಿ. ಒಂದು ಅಂಕವೂ ಕಡಿತವಾಗಲಿಲ್ಲ. ಜಾರ್ಖಂಡದವಳು ಕೆಲವನ್ನು ಹಿಡಿದಳು. ಉಳಿದವಕ್ಕೆ ಆಯ್ತು ಎಂದಳು. ಕಡಿತ ಆಗಿ ಆಗಿ ಅವಳ ಅಂಕ ಸೊನ್ನೆಗಿಂತ ಕೆಳಗೆ ಹೋಯಿತು. ಅಂಕಗಳನ್ನು ಎಲ್ಲರ ಎದುರಿಗೇ ಓದಿ ಹೇಳಿದೆ.

ಎರಡು ದಿನ ಬಿಟ್ಟು ಮ್ಯಾನೇಜರ್ ಕರೆಸಿದರು. ಜಾರ್ಖಂಡದವಳನ್ನು ಖಾಯಂ ಮಾಡಿದ್ದೇವೆ ಎಂದರು.

“ಪರೀಕ್ಷೆ ಮಾಡಿದ್ದು ಯಾಕೆ?” ಎಂದು ಕೇಳಿದೆ.

“ಪರೀಕ್ಷೆಯಲ್ಲಿ ನೀವು ಹೇಳಿದ್ದು ಸರಿ ಟೀಚರ್. ನಾನು ಇಲ್ಲ ಅಂತ ಹೇಳುವುದಿಲ್ಲ. ಆದ್ರೆ ಹೋಗುವಾಗ ರೋಗಿಗಳನ್ನು ನಾವು ಕೇಳ್ತೇವಲ್ಲ, ಹೇಗಿತ್ತು ಅಂತ. ಬಿದ್ದ ಅಜ್ಜ ಒಬ್ಬರು. ಕೆಪ್ಪಿಯಿಂದ ಬೇಜಾರಾದವರು ಎಲ್ಲರೂ. ನಾಳೆ ಅವರು ಬೆಳ್ತಂಗಡಿಯಲ್ಲಿ ಬೇರೆ ಆಸ್ಪತ್ರೆ ನೋಡ್ತಾರೆ.”

“ಇನ್ನೊಬ್ಬಳಿಗೆ ಏನೂ ಕೇಳುವುದಿಲ್ಲ.”

“ಜನರಿಗೆ ಅವಳು ಬೇಕು. ನಾನು ಎಂಥ ಮಾಡ್ಲಿ?” ಕೈ ಮುಗಿದರು. “ನಿಮ್ಮ ಶ್ರಮ ವ್ಯರ್ಥ ಅಲ್ಲ. ಮುಂದಿನ ವರ್ಷವೂ ಬನ್ನಿ.”

ಬರುವುದಿಲ್ಲ ಎಂದು ಅಲ್ಲೇ ಹೇಳಿದೆ. ಅವರು ತಲೆತಗ್ಗಿಸಿ ಫೋನು ನೋಡಲು ಶುರುಮಾಡಿದ್ದರು.

ಹಾಸ್ಟೆಲಿನಲ್ಲಿ ಇಡುಕ್ಕಿಯವಳ ಬಟ್ಟೆಗಳನ್ನು ಜಾರ್ಖಂಡದವಳು ಮಡಚಿಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು, ಕಣ್ಣು ಊದಿತ್ತು. ಅವಳು ಪಡೆದದ್ದು ಕಳ್ಳತನದಿಂದಲ್ಲ. ಇನ್ನೊಬ್ಬಳು ಆ ಹೊತ್ತಿನಲ್ಲಿ ಅಂಗಳದ ಮೂಲೆಯಲ್ಲಿ ನಿಂತು ತಾಯಿಗೆ ಫೋನು ಮಾಡುತ್ತಿದ್ದಳು. ಮನೆ ನೋಡ್ತಾ ಇದ್ದೇನೆ, ಸಿಗುವಾಗ ಹೇಳ್ತೇನೆ ಎಂದಳು. ಮಲಯಾಳವಾದರೂ ಅಷ್ಟು ನನಗೆ ಅರ್ಥವಾಯಿತು.

ಮೂಡಬಿದಿರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪರಿಚಯದ ಡಾಕ್ಟರು ಸಣ್ಣ ಕ್ಲಿನಿಕ್ ಇಟ್ಟಿದ್ದರು. ಸಿಸ್ಟರ್ ಬೇಕೆಂದಿದ್ದರು. ವಾರ ಕಳೆಯುವ ಮೊದಲೇ ಅವಳನ್ನು ಕರೆದುಕೊಂಡು ಗುರುವಾಯನಕೆರೆಯಿಂದ ವೇಣೂರಿನ ಮೇಲೆ ಹೋಗುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಡಾಕ್ಟರು ಅವಸರದಲ್ಲಿದ್ದರು. ಪ್ರಮಾಣಪತ್ರಗಳನ್ನು ತಿರುಗಿಸಿ ನೋಡಿ, “ಭಾಷೆ ಬರ್ತದಾ?” ಎಂದು ಕೇಳಿದರು.

“ಬರ್ತದೆ ಡಾಕ್ಟ್ರೇ,” ಎಂದಳು. ಚೆನ್ನಾಗಿ, ಇಲ್ಲಿಯವರಂತೆಯೇ ಹೇಳಿದಳು.

ಅವರಿಗೆ ಸಮಾಧಾನವಾಯಿತು. ಕೂಡಲೇ ತುಳುವಿಗೆ ತಿರುಗಿ, ಯಾರಿಗೋ ಚೀಟಿ ಬರೆಯುತ್ತಲೇ, ಕ್ಲಿನಿಕ್ಕಿನ ಕ್ರಮವನ್ನು ಉಸಿರು ಬಿಡದೆ ಹೇಳಿದರು. ಸಕ್ಕರೆ ಕಾಯಿಲೆಯವರು ಕೆಲವರು ಮನೆಯಲ್ಲೇ ಇಂಜೆಕ್ಷನ್ ಹಾಕಿಕೊಂಡು ಬರುತ್ತಾರೆ. ಇಲ್ಲಿ ಹಾಕುವ ಮೊದಲು, ಬೆಳಿಗ್ಗೆ ಮನೆಯಲ್ಲಿ ಹಾಕಿದ್ದಾರೋ ಎಂದು ಕೇಳಲೇಬೇಕು. ಮೊನ್ನೆ ಕೇಳದೆ ಹಾಕಿ ಒಬ್ಬ ಹೆಂಗಸು ಇದೇ ಬೆಂಚಿನ ಮೇಲೆ ಎಚ್ಚರ ತಪ್ಪಿದಳು. ಕೊನೆಗೆ ತಲೆಯೆತ್ತಿ “ತೆರಿಂಡಾ?” ಎಂದರು. ಗೊತ್ತಾಯಿತಾ, ಎಂದು.

ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದೆ. ಈಗ ತಿರುಗಿ ಕೇಳುತ್ತಾಳೆ ಎಂದುಕೊಂಡೆ.

“ಆಯ್ತು ಡಾಕ್ಟ್ರೇ,” ಎಂದು ಅವಳು ನಕ್ಕಳು. ಇಷ್ಟು ತಿಂಗಳಲ್ಲಿ ನಾನು ಅವಳಲ್ಲಿ ಕಾಣದಿದ್ದ ನಗೆ ಅದು.

“ಒಳ್ಳೆ ಹುಡುಗಿ. ಎಲ್ಲೆಡ್ದ್ ಬಲ,” ಎಂದರು ಡಾಕ್ಟರು. ನಾಳೆಯಿಂದ ಬಾ.

ಹೊರಗೆ ರಸ್ತೆಗೆ ಬಂದ ಮೇಲೆ ಅವಳನ್ನು ನಿಲ್ಲಿಸಿದೆ. “ಅವರು ಏನು ಹೇಳಿದರು?”

“ಗೊತ್ತಿಲ್ಲ ಟೀಚರ್. ನಾಳೆಯಿಂದ ಬರ್ಲಿಕ್ಕೆ ಹೇಳಿದ್ರಲ್ಲ, ಅದು ಕೇಳಿತು.”

“ಒಳಗೆ ಹೋಗಿ ಇನ್ನೊಮ್ಮೆ ಕೇಳಿ ಬಾ.”

“ಬೇಡ ಟೀಚರ್,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನನಗೆ ಕೆಲಸ ಬೇಕು.”

ಡಾಕ್ಟರು ಹೇಳಿದ್ದನ್ನು ನಾನೇ ಹೇಳಿದೆ. ಅಲ್ಲೇ ರಸ್ತೆ ಬದಿಯಲ್ಲಿ, ಬಿಡಿಸಿ ಬಿಡಿಸಿ, ಸರಳ ಕನ್ನಡದಲ್ಲಿ, ಅವಳ ಮುಖ ನೋಡಿಕೊಂಡೇ ಹೇಳಿದೆ. ಬಸ್‌ಸ್ಟ್ಯಾಂಡಿನಿಂದ ಹೊರಡುವ ಬಸ್ಸುಗಳು ಒಂದರ ಹಿಂದೆ ಒಂದು ಹಾರನ್ ಹಾಕುತ್ತಿದ್ದವು. ಮುಗಿಯುವವರೆಗೆ ಅವಳು ತಾಳ್ಮೆಯಿಂದ ನಿಂತಿದ್ದಳು.

“ಆಯ್ತು ಟೀಚರ್,” ಎಂದಳು.

ಅವಳಿಗೆ ಕೇಳಿತೋ ಇಲ್ಲವೋ ನನಗೆ ತಿಳಿಯಲಿಲ್ಲ.